ಹಿಂದೆ ಬಿದ್ದ ಪೆಟ್ಟು

"ಇದರಾಗ ನಾಲ್ಕು ಮೈಕ್ ಹಚ್ಚಬಹುದು, ಇದರಾಗ ಎರಡ. ಯಾವುದು ಕೊಡ್ಲಿರಿ?" ಎಂದು ಅಂಗಡಿಯ ಸರ್ಫರಾಜ ಎರಡು ಆಡಿಯೋ ಇಂಟರ್‌ಫೇಸ್‌ಗಳನ್ನು ಮೇಜಿನ ಮೇಲಿಟ್ಟ.

ಬ್ಯಾಡಗಿಯ ವೀರೇಂದ್ರ ರಾಣೆಬೆನ್ನೂರಿನ ಈ ಅಂಗಡಿಗೆ ಬಂದದ್ದು ಮನೆಯ ಹಳೆಯ ಕಂಪ್ಯೂಟರು ಕೈಕೊಟ್ಟಿದ್ದಕ್ಕೆ. ಹೊಸ ಲ್ಯಾಪ್‌ಟಾಪೇನೋ ಬಂದಿತ್ತು. ಭಜನಾ ಪದ ರೆಕಾರ್ಡ್ ಮಾಡಲು ಮೈಕಿಗೂ ಅದಕ್ಕೂ ನಡುವೆ ಇಂಥದೊಂದು ಡಬ್ಬಿ ಬೇಕಲ್ಲ. ನಾಲ್ಕು ಮೈಕಿನದರ ತುಂಬ ಬಣ್ಣದ ದೀಪಗಳಿದ್ದವು. ವಯಸ್ಸು ನಲವತ್ತೈದಾದರೇನು, ದೀಪ ಕಂಡರೆ ಈ ಮನುಷ್ಯನಿಗೆ ಆಸೆ. ಆದರೂ ಇಷ್ಟು ವರ್ಷ ರೆಕಾರ್ಡಿಂಗಿಗೆ ಬಳಸಿದ ತನ್ನ ಹಳೆಯ ಡಬ್ಬಿಯನ್ನು ಕೈಚೀಲದಿಂದ ತೆಗೆದ.

"ಇದ ನಡೀತೈತೇನು ನೋಡ್ರಿ ಮೊದಲ."

"ನೋಡೂಣ್ರಿ. ಮೂರಕ್ಕೂ ಒಂದ ಪರೀಕ್ಷೆ."

ಡಬ್ಬಿಯಿಂದ ಹೊರಬರುವ ದನಿಯನ್ನು ಒಂದು ವೈರಿನಿಂದ ಮತ್ತೆ ಅದರೊಳಗೇ ಬಿಡುವುದು, ಅದು ತಿರುಗಿ ಬಂದು ಪರದೆಯ ಮೇಲೆ ಎಲ್ಲಿ ಕೂರುತ್ತದೆ ನೋಡುವುದು, ಇಷ್ಟೇ ಪರೀಕ್ಷೆ. ಹೊಸ ಎರಡರಲ್ಲೂ 'ಟಕ್' ಎಂಬ ಸದ್ದು, ಅದನ್ನು ಕಳಿಸಿದ ಹೊತ್ತಿನ ಗೆರೆಯ ಮೇಲೇ ಬಂದು ಕೂತಿತು. ಹಳೆಯದರಲ್ಲಿ ಗೆರೆ ದಾಟಿ ಆಚೆ ಬಿತ್ತು. ವೀರೇಂದ್ರ ಕುರ್ಚಿ ಎಳೆದುಕೊಂಡ.

"ಇನ್ನೊಮ್ಮೆ ಮಾಡ್ರಿ."

ಮೂರು ಸಲ ಮಾಡಿಸಿದ. ಮೂರು ಸಲವೂ ಅಷ್ಟೇ ತಡ.

"ಇದು ತಡಾ ಮಾಡತೈತ್ರಿ," ಎಂದ ಸರ್ಫರಾಜ. "ಹಾಡು ಕೇಳಿಕೋತ ಅದರ ಮ್ಯಾಲೆ ತಬಲಾ ಬಾರಿಸಿದ್ರ, ಪೆಟ್ಟು ಹಿಂದ ಬೀಳತಾವು."

"ಬಾರಿಸಾಂವ ಸರಿ ಬಾರಿಸಿದ್ರೂ?"

"ಅಂವಾ ಎಷ್ಟ ಸರಿ ಬಾರಿಸಿದ್ರೂ ಅಷ್ಟ."

ವೀರೇಂದ್ರ ಹಳೆಯ ಡಬ್ಬಿಯ ವೈರನ್ನು ತಾನೇ ಕಿತ್ತ. ಕದರಮಂಡಲಗಿಯಲ್ಲಿ ಗಾದಿ ಹೊಲಿಯುವ ಅಲ್ಲಾಬಕ್ಷ ಮೂವತ್ತು ವರ್ಷ ಇವರ ಊರ ಮಠದ ಸೋಮವಾರದ ಭಜನೆಗೆ ತಬಲಾ ಬಾರಿಸಿದವನು. ಮಠದಲ್ಲಿ ಅವನ ಪೆಟ್ಟು ತಪ್ಪಿತೆಂದವರು ಒಬ್ಬರಿಲ್ಲ. ರೆಕಾರ್ಡಿಂಗಿಗೆ ಮಾತ್ರ ವೀರೇಂದ್ರ ಮೊದಲು ಹಾಡಿಡುವುದು, ಮರುದಿನ ಅಲ್ಲಾಬಕ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದಕ್ಕೆ ಬಾರಿಸುವುದು. ಎರಡು ವರ್ಷದ ಹಿಂದೆ ಮೇಳದವರೆಲ್ಲರ ಮುಂದೆ ವೀರೇಂದ್ರ ಪರದೆ ತೋರಿಸಿದ್ದ. "ಕಾಕಾ, ನಿನ್ನ ಕೈ ಭಾರ ಆಗೈತಿ. ನೋಡಿಲ್ಲೆ, ಕಂಪ್ಯೂಟರ್ ಸುಳ್ಳು ಹೇಳತೈತೇನು?" ಕಿವಿ ಇದ್ದವರೆಲ್ಲ ಕಣ್ಣಿಂದ ನೋಡಿ ಹೌದೆಂದರು. ಮುಂದಿನ ಸೋಮವಾರದಿಂದ ಅಲ್ಲಾಬಕ್ಷ ಬರಲಿಲ್ಲ.

ಎಂಥ ಮಾತಾಡಿಬಿಟ್ಟೆ, ನನ್ನ ನಾಲಗೆಗಿಷ್ಟು ಬೆಂಕಿ ಹಾಕ ಎಂದುಕೊಂಡ ವೀರೇಂದ್ರ.

"ಎರಡು ಮೈಕಿಂದು ಕೊಡ್ರಿ," ಎಂದ. "ಇಬ್ಬರೂ ಕೂಡೇ ಕುಂದರತೇವಿ."

ಬಸ್ಸು ಹಿಡಿದು ನೇರ ಕದರಮಂಡಲಗಿಗೆ ಹೋದ. ಅಲ್ಲಾಬಕ್ಷ ಪಡಸಾಲೆಯಲ್ಲಿ ಗಾದಿಗೆ ಹತ್ತಿ ತುಂಬುತ್ತಿದ್ದ. ವೀರೇಂದ್ರನನ್ನು ಕಂಡವನೇ ಎದ್ದ.

"ಕಾಕಾ, ಒಂದು ಮಾತು..."

"ಮಾತು ಆಮ್ಯಾಲೆ. ಬಾ, ಕುಂದರು. ಒಂದಿಲ್ಲೊಂದಿನ ನೀ ಬರತಿ ಅಂತ ಗೊತ್ತಿತ್ತು ನನಗ." ಮುದುಕ ಒಳಗಿನಿಂದ ತಬಲಾ ತಂದು ಬಟ್ಟೆ ಬಿಚ್ಚಿದ. "ದಿನಾ ಒಂದು ತಾಸು ಕೈ ತಿದ್ದೇನಿ. ನೀ ಹಾಡು."

ವೀರೇಂದ್ರ ಹಾಡಿದ. ಪೆಟ್ಟು ಬಿತ್ತು, ದನಿಗಿಂತ ಒಂದು ಕೂದಲೆಳೆ ಮೊದಲೇ. ಎರಡನೇ ಸಾಲಿಗೂ ಮೊದಲೇ. ಮೂರನೆಯದಕ್ಕೂ. ಅಪ್ಪಿತಪ್ಪಿ ಬಿದ್ದದ್ದಲ್ಲ ಅದು, ಪಳಗಿಸಿದ ಕೈ. ವೀರೇಂದ್ರನಿಗೆ ಮುಂದೆ ಹಾಡಲಾಗಲಿಲ್ಲ.

"ಈಗ ಹಿಂದ ಬೀಳಾಂಗಿಲ್ಲಲ್ಲ?" ಎಂದ ಅಲ್ಲಾಬಕ್ಷ. ಮುಖದ ತುಂಬ ಸಂತೋಷ.

"ಕಾಕಾ, ನಿನ್ನ ಕೈ ಅವತ್ತೂ ಸರಿ ಇತ್ತು. ತಡಾ ಮಾಡಿದ್ದು ನನ್ನ ಹಳೇ ಡಬ್ಬಿ. ಇವತ್ತ ಗೊತ್ತಾತು. ತಪ್ಪು ನಂದು."

ಅಲ್ಲಾಬಕ್ಷ ತನ್ನ ಬೆರಳುಗಳನ್ನು ನೋಡಿಕೊಂಡ. ಸಿಟ್ಟು ಮಾಡಿದ್ದರೆ ವೀರೇಂದ್ರನಿಗೆ ಹಗುರಾಗುತ್ತಿತ್ತು. ಮುದುಕ ಸಿಟ್ಟು ಮಾಡಲಿಲ್ಲ.

"ಹಂಗಾರ ಈ ಎರಡು ವರ್ಷ ಕಲತದ್ದನ್ನ ಎಲ್ಲಿ ಒಯ್ದು ಇಡ್ಲೋ, ತಮ್ಮಾ?"

ಅಲ್ಲಾಬಕ್ಷ ಬೆರಳಿನ ಹತ್ತಿ ಒರೆಸಿಕೊಂಡು, "ಹಾಡು," ಎಂದ.

ವೀರೇಂದ್ರ ಮೊದಲಿನಿಂದ ಎತ್ತಿಕೊಂಡ. ಪೆಟ್ಟು ಮತ್ತೆ ಮೊದಲೇ ಬಿತ್ತು. ವೀರೇಂದ್ರ ಅರ್ಧ ಉಸಿರಿನಲ್ಲೇ ಎರಡನೇ ಸಾಲನ್ನು ತಾನೂ ಅಷ್ಟೇ ಮೊದಲೇ ಎತ್ತಿ, ಆ ಕೈಯ ಜೊತೆಗೆ ಹೊರಟ.