ಪೂಜೆಯ ಇಟ್ಟಂಗಿ

“ಏ ಒಂಟಿ ಮಲಿಯಾಕಿ, ಕೈ ತಗಿ! ಪೂಜಿ ಇಟ್ಟಂಗಿ ಮಣ್ಣ ಮುಟ್ಟತೀ?”

ಇಟ್ಟಂಗಿ ಭಟ್ಟಿಯ ಮಾಲೀಕ ಬಾಪುಸಾಹೇಬ ಒದರಿದ ಅಬ್ಬರಕ್ಕೆ ಮಾಯಕ್ಕನ ಕೈಯೊಳಗಿನ ಅಚ್ಚು ಜಾರಿತು. ಬೆಳಗಾವಿಯಲ್ಲಿ ಅವನು ಕಟ್ಟಿಸಲಿರುವ ಮನೆಯ ಪಾಯಕ್ಕಿಡುವ ಮೊದಲ ಇಟ್ಟಂಗಿ ಅದು. ಖಾನಾಪುರದ ಈ ಭಟ್ಟಿಯಲ್ಲಿ ಇಪ್ಪತ್ತು ವರ್ಷ ಅಂಥವನ್ನೆಲ್ಲ ಬಡಿದವಳು ಮಾಯಕ್ಕನೇ. ಮುತ್ತೈದೆ, ಕೈಗುಣ ಚಲೋ ಅಂತ. ಎದೆಯ ಗಡ್ಡೆಯ ಜೊತೆ ಡಾಕ್ಟರು ಆ ಕೈಗುಣವನ್ನೂ ಕೊಯ್ದು ಬಿಸಾಕಿದ್ದರೇನೋ. ಪಾಪ, ಚೀಟಿಯಲ್ಲಿ ಬರೆಯಲು ಮರೆತಿದ್ದರು.

“ಮಣ್ಣ ಬ್ಯಾಡಂದ್ರ ಬಿಡ್ರಿ ಸಾವಕಾರ್ರ. ನಾಳಿ ಒಂದಿನ ರಜಾ ಕೊಡ್ರಿ. ಬೆಳಗಾವಿ ದವಾಖಾನಿಗಿ ಹೋಗಬೇಕು. ಕೊಯ್ದಲ್ಲಿಂದ ನೀರು ಸೋರೂದು ನಿಂದ್ರವಲ್ದು.”

“ನಾಳಿ ಲಾರಿ ಹೇರೂದೈತಿ. ಬರಲಿಲ್ಲಂದ್ರ ಮತ್ತ ಈ ಕಡಿ ಹಾಯಬ್ಯಾಡ. ಮಣ್ಣ ಮುಟ್ಟಬ್ಯಾಡ ಅಂದೆ, ಬುಟ್ಟಿ ಹೊರಬ್ಯಾಡ ಅಂದ್ನೇನ? ಹಲಕಟ್ಟ ಹೆಂಗಸ!”

ಫೋನು ಬಂತು, ಮಾತಾಡುತ್ತ ಒಳಗೆ ಹೋದ.

ಕೊಯ್ದ ಜಾಗದಲ್ಲಿ ನೀರು ತುಂಬುತ್ತಲೇ ಇತ್ತು. ಬಗಲಿನಿಂದ ಇಳಿದ ನಳಿಗೆಯ ಬಾಟಲಿಯನ್ನು ಮಾಯಕ್ಕ ಎಲೆ-ಅಡಿಕೆಯ ಚಂಚಿಯಲ್ಲಿಟ್ಟು ಸೆರಗಿನಡಿ ತೂಗಿಬಿಟ್ಟಿದ್ದಳು. ಹೋದ ವಾರ ನರ್ಸ್ ಪ್ರಮಿಳಾ ಗದರಿದ್ದಳು: “ನೀರು ಕಡಿಮಿ ಆಗೂತನಾ ನಳಿ ತಗಿಯಾಂಗಿಲ್ಲ. ಭಾರ ಎತ್ತತೀಯೇನ?”

“ಅಯ್ಯ, ಇಲ್ರೀ ಬಾಯಿ! ಗಾದಿ ಮ್ಯಾಲ ಕುಂತು ಉಣ್ಣು ಸಾವಕಾರ್ತಿ ನಾ. ಮನ್ಯಾಗ ಎಮ್ಮಿ ಬತ್ತೇತಿ, ಕೆಚ್ಚಲಾ ಕೊಯ್ಸಕೊಂಡಾಕಿ ನಾ ದಿನಾ ಬಾಟ್ಲಿ ತುಂಬಾಕತ್ತೇನಿ!”

ಪ್ರಮಿಳಾ ನಗಲಿಲ್ಲ. ಮನೆಗೆ ಬಂದ ಮೇಲೆ ಮಾಯಕ್ಕನಿಗೆ ಅಳು ಬಂದಿತ್ತು.

ಬಿದ್ದ ಅಚ್ಚನ್ನು ಜೊತೆಗಾತಿ ರೂಪಾಲಿ ಎತ್ತಿಕೊಂಡಳು. “ಅಕ್ಕಾ, ಪೂಜಿ ಇಟ್ಟಂಗಿ ನಾ ಎಂದೂ ಬಡದಿಲ್ಲ. ನೀನ ಬಡಿ. ಮಣ್ಣ ಬಿರಸೈತಿ, ನೀರ ಹಾಕ.”

ಆಪರೇಶನ್ ಆದಾಗಿನಿಂದ ಭಟ್ಟಿಯ ನೀರಿನ ಕೊಡ ಮುಟ್ಟುವಂತಿರಲಿಲ್ಲ ಮಾಯಕ್ಕ, ರೋಗ ಅಂಟುತ್ತದಂತೆ. ಚಂಚಿ ಬಿಚ್ಚಿದಳು. ಬಾಟಲಿಯ ಕೆಂಪು ಬೆರೆತ ಹಳದಿ ನೀರು ಮಣ್ಣಿಗಿಳಿಯಿತು. ರೂಪಾಲಿ ಬಾಯಿಗೆ ಸೆರಗು ಒತ್ತಿಕೊಂಡಳು. ಮಾಯಕ್ಕ ನಾದಿ, ಅಚ್ಚಿಗೆ ಬಡಿದು, ಇಟ್ಟಂಗಿ ತೆಗೆದಳು. ಒಂದು ಮೂಲೆಯೂ ಮುರಿಯಲಿಲ್ಲ. ಹಾಳಾದ ಕೈಗುಣ ಇನ್ನೂ ಇತ್ತು.

“ಶಾಬ್ಬಾಸ್ ರೂಪಾಲಿ!” ಹೊರಬಂದ ಬಾಪುಸಾಹೇಬ ವಾಡಿಕೆಯಂತೆ ಹಸಿ ಇಟ್ಟಂಗಿಗೆ ಅರಿಶಿನ ಕುಂಕುಮ ಏರಿಸಿ, ಬಗ್ಗಿ ಹಣೆ ಹಚ್ಚಿದ.

“ಆಕಿ ಅಲ್ರಿ, ನಾ ಬಡದೇನಿ. ನೀರೂ ನಂದ.” ಮಾಯಕ್ಕ ಬರಿದಾದ ಬಾಟಲಿ ಎತ್ತಿ ತೋರಿಸಿದಳು. “ಮನಿ ತಂಪ ಇರ್ತೈತಿ ತಗೋರಿ.”

ಹಣೆಯ ಮಣ್ಣು ಒರೆಸಿಕೊಳ್ಳಲು ಕೈ ಎತ್ತಿದವನು ಹಾಗೇ ನಿಂತ. ಅದನ್ನು ಮುಟ್ಟುವುದು ಹೇಗೆ?

ಇನ್ನು ರಜೆ ಕೇಳುವ ಗೊಡವೆಯಿಲ್ಲ. ಮಾಯಕ್ಕ ಬಾಟಲಿಯನ್ನು ಚಂಚಿಗಿಟ್ಟು ರಸ್ತೆ ಹಿಡಿದಳು. ನಳಿಗೆಯಿಂದ ಆಗಲೇ ಹೊಸ ಹನಿ ಇಳಿಯುತ್ತಿತ್ತು.