ಸಿಂಧೂ ದಂಡೆಯ ಕಲ್ಲು

ಆ ಕಲ್ಲು ನೋಡಲು ಅಂಥದ್ದೇನೂ ಅಲ್ಲ. ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಬೂದು ಬಣ್ಣ, ನಡುವೆ ಒಂದು ಬಿಳಿ ಗೆರೆ, ನೀರು ಉರುಳಿಸಿ ಉರುಳಿಸಿ ನುಣುಪು ಮಾಡಿದ್ದು. ರೇವಪ್ಪ ಹದಿನೇಳು ವರ್ಷ ಮಿಲಿಟ್ರಿಯಲ್ಲಿ ಅಡುಗೆ ಮಾಡಿ ಮುಧೋಳಕ್ಕೆ ಮರಳುವಾಗ ಟ್ರಂಕಿನಲ್ಲಿ ಎರಡು ಉಣ್ಣೆಯ ರಗ್ಗು ಮತ್ತು ಲಡಾಖಿನ ಸಿಂಧೂ ನದಿಯ ದಂಡೆಯಲ್ಲಿ ಆರಿಸಿಕೊಂಡ ಈ ಕಲ್ಲನ್ನು ತಂದಿದ್ದ. ಈಗ ಅದು ಜಮಖಂಡಿ ರಸ್ತೆಯ ಅವನ ಖಾನಾವಳಿಯಲ್ಲಿ, ದೊಡ್ಡ ಕುಕ್ಕರಿನ ಸೀಟಿಯ ಮೇಲೆ ಕೂತಿರುತ್ತಿತ್ತು. ಜಾರದಿರಲಿ ಎಂದು ಸುತ್ತಲೂ ತಂತಿ. ಸೋಮವಾರ ಬಂತೆಂದರೆ ರೇವಪ್ಪ ತನ್ನ ಹಣೆಗೆ ವಿಭೂತಿ ಹಚ್ಚಿದ ಬೆರಳಿನಿಂದಲೇ ಅದಕ್ಕೂ ಮೂರು ಗೆರೆ ಎಳೆಯುತ್ತಿದ್ದ.

ಕಲ್ಲು ಏರಿದ ದಿನದಿಂದ ಆ ಕುಕ್ಕರ್ ಸೀಟಿ ಹೊಡೆದದ್ದಿಲ್ಲ.

ಇದು ಮೊದಲು ಮಾದೇವಿಯ ಗಮನಕ್ಕೆ ಬಂತು. ಅವಳು ರೇವಪ್ಪನ ಅಣ್ಣನ ಮಗಳು. ಎಂಟನೆಯ ಇಯತ್ತೆಯಲ್ಲಿದ್ದಾಗ ತಾಯಿ ತೀರಿಕೊಂಡಳು, ಶಾಲೆ ಅಲ್ಲಿಗೇ ನಿಂತಿತು. ಆಮೇಲೆ ಕಾಕಾನ ಮನೆಯೇ ಅವಳ ಮನೆ, ಖಾನಾವಳಿಯ ಹಂಚಿನ ಮುಂದಿನ ಮಣೆಯೇ ಅವಳ ಜಾಗ. ಬೆಳಿಗ್ಗೆ ಏಳಕ್ಕೆ ಜೋಳದ ಹಿಟ್ಟು ನಾದಲು ಕೂತರೆ ಮಧ್ಯಾಹ್ನ ಮೂರರವರೆಗೆ ರೊಟ್ಟಿ ಬಡಿಯುವುದು. ಮಾತು ಕಡಿಮೆ. ಇಲ್ಲವೆಂದರೂ ನಡೆದೀತು. ಊಟಕ್ಕೆ ಬರುವವರಲ್ಲಿ ಅರ್ಧ ಮಂದಿ ಅವಳನ್ನು ಮೂಗಿ ಎಂದೇ ತಿಳಿದಿದ್ದರು.

"ನಮ್ಮ ಮಾದಿ ಬಾಯಾಗ ಮುತ್ತ ಇಟ್ಕೊಂಡಾಳ್ರೀ, ತಗದ್ರ ಬಿದ್ದ ಹೊಕ್ಕಾವು," ಎಂದು ರೇವಪ್ಪನ ಹೆಂಡತಿ, ಅವಳ ಚಿಗವ್ವ ಅನಸವ್ವ ನಗುತ್ತಿದ್ದಳು. ಆ ನಗುವಿನಲ್ಲಿ ಕೊಂಕು ಇರಲಿಲ್ಲ. ತಾಯಿಯಿಲ್ಲದ ಹುಡುಗಿಯ ತಲೆಗೆ ಎಣ್ಣೆ ಹಚ್ಚಿ, ಜ್ವರ ಬಂದಾಗ ರಾತ್ರಿಯಿಡೀ ಎದ್ದು ಕೂತವಳು ಅವಳೇ. ಅನಸವ್ವ ಕೂರುತ್ತಿದ್ದುದು ಕುಕ್ಕರಿಗೆ ಬೆನ್ನು ಹಾಕಿ, ಒಂದು ಮೊಳದ ದೂರದಲ್ಲಿ, ಈಳಿಗೆಯ ಮಣೆಯ ಮೇಲೆ. ಮುಂಜಾನೆಯ ಹೊತ್ತು ಆ ಕಾವು ಸೊಂಟದ ನೋವಿಗೆ ಹಿತವೆಂದು ಅವಳೇ ಆರಿಸಿಕೊಂಡ ಜಾಗ ಅದು.

ಮಾದೇವಿ ರೊಟ್ಟಿ ಬಡಿಯುತ್ತ ಆ ಬೆನ್ನನ್ನೂ ಅದರ ಹಿಂದಿನ ಕಲ್ಲನ್ನೂ ನೋಡುತ್ತಿದ್ದಳು.

ಕಲ್ಲಿನ ಕಥೆ ರೇವಪ್ಪ ಯಾರು ಕೇಳಿದರೂ ಹೇಳುತ್ತಿದ್ದ. "ಅಲ್ಲಿ ನೀರು ಕುದಿಯೂದು ನೋಡಿದ್ರ ಕಣ್ಣು ಮೋಸ ಹೊಕ್ಕಾವು. ಗುಳುಗುಳು ಅಂತಾವ ಖರೆ, ಒಳಗ ಕಾವಿರೂದಿಲ್ಲ. ಅಕ್ಕಿ ಹಾಕಿದ್ರ ಮ್ಯಾಲ ಮೆತ್ತಗ, ನಡುವ ಹರಳಿನಂಗ. ಬ್ಯಾಳಿ ಮೂರ ತಾಸು ಇಟ್ರೂ ಬ್ಯಾಳೀನ. ನಮ್ಮ ಜವಾನರು ಅರೆಬೆಂದ ರಾಜ್ಮಾ ತಿಂದು ಹೊಟ್ಟಿ ಹಿಡಕೊಂಡು ಬರಫದಾಗ ಕುಂದರೂದನ್ನ ನಾ ಕಣ್ಣಾರೆ ನೋಡೇನಿ."

"ಯಾಕ್ರಿ ಹಂಗ?" ಎಂದು ಯಾರಾದರೂ ಕೇಳಲೇಬೇಕು.

"ಮ್ಯಾಲ ಮ್ಯಾಲ ಹೋದಂಗ ಹವಾ ತೆಳ್ಳಗ ಅಕ್ಕೈತಿ. ನೀರಿನ ತಲಿ ಮ್ಯಾಲ ಒತ್ತಿ ಹಿಡಿಯಾವ್ರು ಯಾರೂ ಇರೂದಿಲ್ಲ. ಅದಕ್ಕ ಕಾವು ಏರೂದ್ರಾಗ ಕುದ್ದು ಹಾರಿ ಹೊಕ್ಕಾವು. ಕುಕ್ಕರ್ ಇಟ್ರೂ ಅಲ್ಲಿ ಅದರ ಕಸುವು ಕಡಿಮಿ. ಆವಾಗ ನಾ ಏನ್ ಮಾಡಿದ್ನಿ? ಹವಾ ಕುಂದರೂ ಜಾಗಾದಾಗ ಈ ಕಲ್ಲ ಕುಂದ್ರಿಸಿದ್ನಿ. ಆತ ನೋಡ್ರಿ, ರಾಜ್ಮಾ ಬೆಣ್ಣಿ! ಸಾಹೇಬ್ರು ತಾವ ಬಂದು ಬೆನ್ನು ತಟ್ಟಿದ್ರು."

ಊಟಕ್ಕೆ ಬಂದವರು ತಲೆದೂಗುತ್ತಿದ್ದರು. ಇಲ್ಲಿಯೂ ಅವನ ಬೇಳೆ ಬೆಣ್ಣೆಯಂತೆಯೇ ಇತ್ತು. ಒಂದು ತಾಸಿನ ಕೆಲಸ ಕಾಲು ತಾಸಿನಲ್ಲಿ ಮುಗಿಯುತ್ತಿತ್ತು. ಬನಹಟ್ಟಿಯಿಂದ ಸೀರೆಯ ಗಂಟು ಹೊತ್ತು ಬರುವ ವ್ಯಾಪಾರಿಗಳು ಸಹ ಬಸ್ಸು ತಪ್ಪಿದರೂ ಸರಿ ಎಂದು ಅವನ ಕಡ್ಲಿ ಪಲ್ಯಕ್ಕಾಗಿ ಕಾಯುತ್ತಿದ್ದರು.

ಮೊದಲ ತಿಂಗಳಲ್ಲೇ ಕುಕ್ಕರಿನ ಮುಚ್ಚಳದ ಸೇಫ್ಟಿ ವಾಲ್ವ್ ಕರಗಿ ಕಿತ್ತುಹೋಗಿತ್ತು. ಬೇಳೆ ಚಾವಣಿಯ ತಗಡಿಗೆ ಚಿಮ್ಮಿ ಅಡುಗೆಮನೆಯೆಲ್ಲ ಹಳದಿಯಾಗಿತ್ತು. ರೇವಪ್ಪ ಬಯ್ಯುತ್ತ ಹೊಸದು ಹಾಕಿದ, ಅದೂ ಹೋಯಿತು. ಮೂರನೆಯ ಸಲ ಹೊಸದು ತರಲಿಲ್ಲ. ಆ ತೂತಿಗೆ ಒಂದು ಬೋಲ್ಟು ತೂರಿಸಿ, ನಟ್ಟು ಬಿಗಿದು, "ಇನ್ನ ಹಾರು ನೋಡೂನು," ಎಂದ.

ಅಂದು ರಾತ್ರಿ ಮಾದೇವಿಗೆ ಒಂದು ವಿಚಾರ ಹೊಳೆಯಿತು. ಶಾಲೆಯಲ್ಲಿ ಕಲಿತದ್ದಲ್ಲ, ಕಾಕಾನ ಬಾಯಿಂದಲೇ ನೂರು ಸಲ ಕೇಳಿದ್ದು. ಅಲ್ಲಿ ಹವಾ ಇರಲಿಲ್ಲ, ಅದಕ್ಕೆ ಕಲ್ಲು. ಇಲ್ಲಿ ಹವಾನೂ ಇದೆ, ಕಲ್ಲೂ ಇದೆ. ಇಬ್ಬರೂ ಕೂಡಿ ಒತ್ತುತ್ತಿದ್ದಾರೆ. ಒಳಗಿರುವುದು ಹೊರಗೆ ಬರಬೇಕೆಂದರೆ ಈಗ ದಾರಿ ಯಾವುದು?

ಹೇಳಬೇಕೆಂದು ಎರಡು ದಿನ ಒದ್ದಾಡಿ, ಮೂರನೆಯ ದಿನ ಕಾಕಾನಿಗೆ ಚಹಾ ಕೊಡುವಾಗ ಬಾಯಿ ತೆರೆದಳು. "ಕಾಕಾ... ಕಲ್ಲು..."

"ಏನ್ ಯವ್ವಾ? ಕಲ್ಲಿಗೇನಾತು?"

"ಏನಿಲ್ರಿ," ಎಂದು ಲೋಟ ಇಟ್ಟು ಬಂದಳು.

ಖಾನಾವಳಿಗೆ ದಿನವೂ ಬರುವವರಲ್ಲಿ ಚನಮಲ್ಲಪ್ಪ ಎಂಬವನೊಬ್ಬನಿದ್ದ. ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಐವತ್ತೈದು ದಾಟಿದವನು, ಎಂದೋ ಉಗಿಗೆ ಸುಟ್ಟ ಹುಬ್ಬು ಮತ್ತೆ ಬೆಳೆದಿರಲಿಲ್ಲ. ಅವನ ಒಂದು ಚಾಳಿ ಮಾದೇವಿಗೆ ಬಹಳ ದಿನದಿಂದ ಕಾಣುತ್ತಿತ್ತು. ಒಳಗೆ ಫ್ಯಾನಿನ ಕೆಳಗೆ ಜಾಗ ಖಾಲಿಯಿದ್ದರೂ ಅವನು ಬಾಗಿಲ ಹತ್ತಿರ, ಬಿಸಿಲು ಬೀಳುವ ಬೆಂಚಿನ ಮೇಲೆ ಕೂರುತ್ತಿದ್ದ. ಮುಖ ಅಡುಗೆಮನೆಯ ಕಡೆಗೆ, ಒಂದು ಕಾಲು ಹೊಸ್ತಿಲ ಆಚೆಗೆ. ಅವಸರ ಅವಸರವಾಗಿ ಉಂಡು ಎದ್ದುಬಿಡುತ್ತಿದ್ದ.

ಒಂದು ಮಧ್ಯಾಹ್ನ ಕೈ ತೊಳೆಯಲು ಹಿತ್ತಲಿಗೆ ಬಂದವನ ಹಿಂದೆ ಅವಳು ತಂಬಿಗೆ ಹಿಡಿದು ಹೋದಳು.

"ಅಣ್ಣಾರ, ನೀವು ಯಾವಾಗ್ಲೂ ಬಾಗಿಲದಾಗ ಯಾಕ ಕುಂದರತೀರಿ?"

ಚನಮಲ್ಲಪ್ಪ ಕೈ ಒರೆಸುವುದನ್ನು ಬಿಟ್ಟು ಅವಳನ್ನು ನೋಡಿದ. "ನೀ ಮಾತಾಡ್ತಿ?" ಎಂದ. ಆಮೇಲೆ ದನಿ ತಗ್ಗಿಸಿದ. "ಕೇಳೀಯಂದ್ರ ಹೇಳತೀನಿ. ನಿಮ್ಮ ಕುಕ್ಕರ್ ಸೀಟಿ ಹೊಡಿಯೂದಿಲ್ಲ. ಉಗಿ ಇರೂ ಕಡಿ ಗದ್ದಲಾ ಇರಬೇಕ ತಂಗಿ. ಗದ್ದಲಾ ನಿಂತ್ರ ನಾವು ಓಡ್ತೀವಿ."

"ಕಾಕಾಗ ಹೇಳ್ರಲಾ."

"ಎರಡ ಸಲ ಹೇಳಿ ಆತು. 'ನೀ ನೆಲದ ಮ್ಯಾಲಿನಾಂವ, ಲಡಾಖಿಂದು ನಿನಗೇನ ಗೊತ್ತೋ' ಅಂದ. ಮಿಲಿಟ್ರಿ ಮನಶ್ಯಾ, ಏನ್ ಮಾಡಾಕ್ಕೈತಿ? ನಮ್ಮ ಬಾಯ್ಲರ್ ನೋಡಾಕ ವರ್ಷಕ್ಕೊಮ್ಮೆ ಸಾಹೇಬ್ರು ಬರ್ತಾರ. ಇದನ್ನ ಯಾರು ನೋಡ್ತಾರ?" ಅವನು ಒಳಗೆ ಕುಕ್ಕರಿನ ಕಡೆ ಒಮ್ಮೆ ನೋಡಿದ. "ನೀ ನೋಡಾಕತ್ತಿ ಅಂತ ಕಾಣತೈತಿ. ಕಲ್ಲಿನ ಕೆಳಗ ಸುಂಯ್ ಅನ್ನೂದು ನಿಂತ್ರ ಮೊದಲ ಗ್ಯಾಸ್ ಆರಿಸು. ಮುಟ್ಟಾಕ ಹೋಗಬ್ಯಾಡ, ತಗಿಯಾಕ ಹೋಗಬ್ಯಾಡ. ಎಲ್ಲಾರನೂ ಹೊರಗ ಕರಕೊಂಡು ಬಾ."

ಎಲ್ಲಾರನೂ. ಅದೇ ಮಾತು ಅವಳಿಗೆ ನಾಟಿದ್ದು. ಗ್ಯಾಸ್ ಆರಿಸುವುದು ಕೈಯ ಕೆಲಸ, ಅದನ್ನು ಮಾಡಬಲ್ಲಳು. ಕರೆಯುವುದು ಬಾಯಿಯ ಕೆಲಸ.

ಕಬ್ಬು ನುರಿಸುವ ಹಂಗಾಮು ಶುರುವಾಗಿತ್ತು. ಆ ಶುಕ್ರವಾರ ಕಾರ್ಖಾನೆಗೆ ಯಾರೋ ದೊಡ್ಡವರು ಬರುವವರಿದ್ದರು, ನೂರೈವತ್ತು ಊಟ ಬೇಕೆಂದು ಹೇಳಿಕಳಿಸಿದ್ದರು. ರೇವಪ್ಪ ಬೆಳಗಿನ ಜಾವಕ್ಕೇ ಎದ್ದು ಕುಕ್ಕರಿಗೆ ಕಡ್ಲಿ ಸುರಿದ. ಯಾವಾಗಲೂ ಅರ್ಧಕ್ಕೆ ನಿಲ್ಲಿಸುವವನು ಅಂದು ಕಂಠದವರೆಗೂ ತುಂಬಿದ. ಮುಚ್ಚಳ ಬಿಗಿದು, ಕಲ್ಲು ಏರಿಸಿ, ಅದಕ್ಕೆ ಕೈ ಮುಗಿದು, ಹೊರಗೆ ಟಂಟಂ ಗಾಡಿಯಲ್ಲಿ ಡಬ್ಬಿ ಜೋಡಿಸಲು ಹೋದ. ಮುಂದಿನ ಕೋಣೆಯಲ್ಲಿ ಏಳೆಂಟು ಮಂದಿ ಆಗಲೇ ನಾಷ್ಟಾಕ್ಕೆ ಕೂತಿದ್ದರು.

ಅನಸವ್ವ ತನ್ನ ಜಾಗದಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಮಾದೇವಿ ರೊಟ್ಟಿ ಬಡಿಯುತ್ತಿದ್ದಳು. ಕುಕ್ಕರಿನ ಕಲ್ಲಿನಡಿಯಿಂದ ಎಂದಿನ ಹಾಗೆ ಸುಂಯ್ ಎಂಬ ಸಣ್ಣ ಸದ್ದು ಬರುತ್ತಿತ್ತು. ಅದರ ಜೊತೆಗೆ ಬೂದು ನೊರೆ. ಕಡ್ಲಿಯ ಒಂದು ಸಿಪ್ಪೆ ನೊರೆಯಲ್ಲಿ ತೇಲಿ ಬಂದು ಕಲ್ಲಿನ ಅಂಚಿಗೆ ಅಂಟಿತು. ಆಮೇಲೆ ಮತ್ತೊಂದು.

ಸದ್ದು ತೆಳುವಾಯಿತು. ದಾರದಷ್ಟಾಯಿತು.

ನಿಂತಿತು.

ಕಲ್ಲಿನಡಿಯ ನೊರೆ ನೋಡನೋಡುತ್ತ ಒಣಗಿತು. ಸೋಮವಾರದ ವಿಭೂತಿ ಸಣ್ಣ ಹಕ್ಕಳೆಯಾಗಿ ಉದುರಿತು. ಮುಚ್ಚಳದ ನಡುಭಾಗ, ಕಾದ ಹಂಚಿನ ಮೇಲೆ ರೊಟ್ಟಿ ಉಬ್ಬುವ ಮೊದಲು ಒಮ್ಮೆ ಉಸಿರೆಳೆಯುತ್ತದಲ್ಲ, ಹಾಗೆ ಮೇಲಕ್ಕೆ ಬಂದಂತೆ ಕಂಡಿತು. ಚಿಗವ್ವನ ಈಳಿಗೆ ಕರ್ ಕರ್ ಎನ್ನುತ್ತಿತ್ತು. ಬೇರೆ ಸದ್ದೇ ಇರಲಿಲ್ಲ.

"ರೊಟ್ಟಿ ಹತ್ತಾಕತ್ತೈತಿ ನೋಡ ಬೇ, ಎಲ್ಲೈತಿ ನಿನ್ನ ಲಕ್ಷ್ಯ?" ಎಂದಳು ಅನಸವ್ವ, ತಲೆ ಎತ್ತದೆ.

ಮಾದೇವಿ ಎದ್ದಳು. ಹಂಚಿನ ಮೇಲಿನ ರೊಟ್ಟಿ ಕರಿದಾಗುವುದನ್ನು ಹಾಗೇ ಬಿಟ್ಟು ಹಿತ್ತಲಿಗೆ ಓಡಿ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿದಳು. ಮರಳಿ ಬಂದಾಗ ಒಲೆ ಆರಿತ್ತು. ಕುಕ್ಕರ್ ಆರಿರಲಿಲ್ಲ, ಅದರ ಒಡಲಿಂದ ಕಾವು ಇನ್ನೂ ಮುಖಕ್ಕೆ ಬಡಿಯುತ್ತಿತ್ತು.

"ಗ್ಯಾಸ್ ತೀರಿತೇನ?" ಎಂದಳು ಅನಸವ್ವ.

"ನಾನ ಆರಿಸೇನಿ. ಏಳ ಚಿಗವ್ವಾ."

"ಹುಚ್ಚಿ ಏನ? ನೂರೈವತ್ತು ಊಟ—"

ಮಾದೇವಿ ಅವಳ ರಟ್ಟೆ ಹಿಡಿದು ಎಳೆದಳು. ಬುಟ್ಟಿ ಉರುಳಿತು, ಉಳ್ಳಾಗಡ್ಡಿ ನೆಲದ ತುಂಬ ಚೆಲ್ಲಿತು. ಭಾರದ ಹೆಂಗಸು, ಸೊಂಟ ಹಿಡಿದುಕೊಂಡು ಬಯ್ಯುತ್ತಲೇ ಎದ್ದಳು. ಮಾದೇವಿ ಅವಳನ್ನು ಹಿತ್ತಲ ಬಾಗಿಲಿಂದ ಆಚೆಗೆ ನೂಕಿದ್ದೇ ತಡ, ಮುಂದಿನ ಬಾಗಿಲಲ್ಲಿ ರೇವಪ್ಪ ಕಂಡ.

"ಒಲಿ ಯಾರು ಆರಿಸಿದ್ರು?"

ಅವನ ಕಣ್ಣು ಕುಕ್ಕರಿನ ಮೇಲೆ ಹೋಯಿತು. ಕೈ ಚಾಚಿಕೊಂಡು ಒಂದು ಹೆಜ್ಜೆ ಇಟ್ಟ, ಮಲಗಿದ ಕೂಸಿನ ಕಡೆಗೆ ಹೋಗುವವನ ಹಾಗೆ.

"ಕಾಕಾ! ಮುಟ್ಟಬ್ಯಾಡ್ರಿ! ಎಲ್ಲಾರೂ ಹೊರಗ ಹೋಗ್ರಿ! ಹೊರಗ!"

ಆ ದನಿ ತನ್ನದೆಂದು ಅವಳಿಗೇ ಗೊತ್ತಾಗಲಿಲ್ಲ. ಮುಂದಿನ ಕೋಣೆಯಲ್ಲಿ ಬೆಂಚುಗಳು ಉರುಳಿದವು, ಮಂದಿ ರಸ್ತೆಗೆ ಓಡಿದರು. ರೇವಪ್ಪ ಗಕ್ಕನೆ ನಿಂತ. ಏಳು ವರ್ಷ ತನ್ನ ಮನೆಯಲ್ಲಿದ್ದ ಹುಡುಗಿ ಕೂಗಿದ್ದನ್ನು ಅವನು ಕೇಳಿದ್ದು ಅದೇ ಮೊದಲು. ಬೆರಗಾಗಿ ಅವಳ ಕಡೆ ಮುಖ ತಿರುಗಿಸಿದ.

ಅಷ್ಟರಲ್ಲಿ ಅದು ಸಿಡಿಯಿತು.

ಸದ್ದು ತಿಮ್ಮಾಪುರದ ಹಾದಿಯವರೆಗೂ ಕೇಳಿಸಿತಂತೆ. ಮುಚ್ಚಳ ಚಾವಣಿಯ ತಗಡು ಹರಿದುಕೊಂಡು ಹೋಗಿ ಹಿಂದಿನ ಜಾಲಿಯ ಕಂಟಿಯಲ್ಲಿ ಸಿಕ್ಕಿತು. ಕುದಿಯುವ ಕಡ್ಲಿ ನಾಲ್ಕೂ ಗೋಡೆಗೆ ಛರ್ರೆಂದು ಅಂಟಿತ್ತು. ರೇವಪ್ಪನ ಎಡಗೈ, ಎಡಗೆನ್ನೆ ಸುಟ್ಟವು, ಎಡಗಿವಿಯಿಂದ ರಕ್ತ ಬಂತು. ಮುಖ ತಿರುಗಿಸದಿದ್ದರೆ ಎರಡೂ ಕಣ್ಣು ಹೋಗುತ್ತಿದ್ದವು ಎಂದು ಡಾಕ್ಟರು ಹೇಳಿದರು. ಹಿತ್ತಲ ಬಾಗಿಲ ಆಚೆ ನಿಂತು ಕೂಗಿದ ಮಾದೇವಿಗೆ ಏನೂ ತಗಲಲಿಲ್ಲ. ಅನಸವ್ವನ ಮಣೆ ಎರಡು ಹೋಳಾಗಿತ್ತು. ಈಳಿಗೆ ಮಡಚಿಕೊಂಡು ಗೋಡೆಯ ಮೂಲೆಯಲ್ಲಿ ಬಿದ್ದಿತ್ತು. ಅನಸವ್ವ ಅದನ್ನು ನೋಡಿದವಳೇ ನೆಲಕ್ಕೆ ಕುಸಿದು, ಮಾದೇವಿಯ ಕಾಲನ್ನು ತಬ್ಬಿ ಹಿಡಿದು, ಸಂಜೆಯವರೆಗೂ ಬಿಡಲಿಲ್ಲ.

ಕಲ್ಲು ಮಾತ್ರ ಸಿಗಲಿಲ್ಲ. ತಗಡಿನ ಮೇಲೆ, ಜಾಲಿಯೊಳಗೆ, ರಸ್ತೆಯ ಆಚೆಯ ಕಬ್ಬಿನಲ್ಲಿ, ಎಲ್ಲಿ ಹುಡುಕಿದರೂ ಇಲ್ಲ.

ಮೂರು ವಾರದ ಮೇಲೆ ಖಾನಾವಳಿ ಮತ್ತೆ ತೆರೆಯಿತು. ಹೊಸ ಕುಕ್ಕರ್ ಬಂತು. ಚನಮಲ್ಲಪ್ಪ ತಾನೇ ಬಂದು ಸೀಟಿ, ವಾಲ್ವ್ ನೋಡಿ "ಛಲೋ ಐತಿ" ಎಂದ. ಹೊಸ ಕುಕ್ಕರ್ ಹತ್ತು ನಿಮಿಷಕ್ಕೊಮ್ಮೆ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು. ಆ ಕೂಗು ಬಂದಾಗಲೆಲ್ಲ ಮಾದೇವಿಯ ಹೆಗಲು ಸಡಿಲವಾಗುತ್ತಿತ್ತು. ಆದರೂ ಒಂದು ಸಂಗತಿ ಅವಳ ಕಣ್ಣು ತಪ್ಪಲಿಲ್ಲ. ಚನಮಲ್ಲಪ್ಪ ಈಗಲೂ ಬಾಗಿಲ ಬೆಂಚಿನ ಮೇಲೆಯೇ ಕೂರುತ್ತಿದ್ದ, ಒಂದು ಕಾಲು ಹೊಸ್ತಿಲ ಆಚೆಗೆ. ಈಗ ಅವನು ನೋಡುತ್ತಿದ್ದುದು ಕುಕ್ಕರನ್ನಲ್ಲ, ರೇವಪ್ಪನನ್ನು.

ರೇವಪ್ಪ ಬದಲಾಗಿದ್ದ. ಕಥೆ ಹೇಳುವುದನ್ನು ಬಿಟ್ಟಿದ್ದ. ಎಡಗಿವಿ ಕೇಳಿಸುತ್ತಿರಲಿಲ್ಲ. ಸೀಟಿ ಹೊಡೆದಾಗ ಬಲಗಿವಿಯ ಕಡೆ ಕತ್ತು ವಾಲಿಸಿ, ತಗಡಿನತ್ತ ಏರುವ ಉಗಿಯನ್ನು ನೋಡುತ್ತ, "ಎಲ್ಲಾ ಹೊಂಟೈತಿ. ಸುಮ್ಮಸುಮ್ಮನ ಹೊಂಟೈತಿ," ಎನ್ನುತ್ತಿದ್ದ. ಬೇಳೆ ಮೊದಲಿನ ಹಾಗಿಲ್ಲ ಎಂದು ಬನಹಟ್ಟಿಯವರೊಬ್ಬರು ನಗುತ್ತಲೇ ಅಂದಿದ್ದರು. ಅವನು ನಕ್ಕಿರಲಿಲ್ಲ.

ಗೋಡೆಗೆ ಗಾರೆ ಹಚ್ಚಲೆಂದು ಘಟಪ್ರಭೆಯ ಮರಳು ತರಿಸಿ ಹಿತ್ತಲಲ್ಲಿ ಸುರಿದಿದ್ದರು. ಒಂದು ಮುಂಜಾನೆ ಮಾದೇವಿ ಹಿಟ್ಟಿನ ಕೈಯಲ್ಲೇ ನೀರಿಗೆಂದು ಹೋದಾಗ ಕಾಕಾ ಆ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಮರಳು ಕೆದರಿ, ಒಂದು ದುಂಡನೆಯ ಕಲ್ಲು ಆರಿಸಿ, ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಆಡಿಸಿ ತೂಕ ನೋಡುತ್ತಿದ್ದ.

"ಕಾಕಾ, ಅದನ್ನ ಕೆಳಗ ಇಡ್ರಿ."

ಅವನು ತಿರುಗಲಿಲ್ಲ. ಕೇಳಿಸಿತೋ ಇಲ್ಲವೋ. ಅವಳು ಸುತ್ತು ಬಳಸಿ ಅವನ ಬಲಗಿವಿಯ ಕಡೆಗೆ ಬಂದು ನಿಂತಳು.

"ಕಾಕಾ! ಕಲ್ಲ ಕೊಡ್ರಿ ಇಲ್ಲಿ!"

ಒಳಗೆ ಈಳಿಗೆಯ ಕರ್ ಕರ್ ನಿಂತಿತು. ರೇವಪ್ಪ ತಲೆ ಎತ್ತಿ, ಹಿಟ್ಟು ಮೆತ್ತಿದ ಅವಳ ಚಾಚಿದ ಕೈಯನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕಲ್ಲನ್ನು ಅದರಲ್ಲಿಟ್ಟು, ಮೊಣಕಾಲು ಹಿಡಿದು ಎದ್ದು ಒಳಗೆ ಹೋದ.

ಕಲ್ಲು ಬೆಚ್ಚಗಿತ್ತು. ಎಷ್ಟು ಹೊತ್ತಿನಿಂದ ಹಿಡಿದು ಕೂತಿದ್ದನೋ. ಮಾದೇವಿ ಅದನ್ನು ಬೇಲಿಯಾಚೆಗೆ ದೂರ ಎಸೆದಳು. ಮರಳಿ ನೋಡಿದಾಗ ಮರಳಿನ ರಾಶಿಯಲ್ಲಿ ಅಂಥವು ಇನ್ನೂ ಬಹಳ ಇದ್ದವು.