ಕೇಳದೆ ಬಿಟ್ಟ ಪ್ರಶ್ನೆ

"ನಾಳೆ ಸಂಜೆ ಎಲ್ವಿಯೊ ಬರ್ತಾನೆ," ಎಂದು ಸೆತ್ತಿಮಿಯೊ ಬೂಟು ಕಳಚುತ್ತ ಹೇಳಿದಾಗ, ಹಿಟ್ಟು ಲಟ್ಟಿಸುತ್ತಿದ್ದ ಹೆಂಡತಿ ನಝರೇನಾಳ ಕೈ ನಿಂತಿತು.

"ಯಾವ ಎಲ್ವಿಯೊ?"

"ಊರಲ್ಲಿ ಎಷ್ಟು ಜನ ಎಲ್ವಿಯೊ ಇದ್ದಾರೆ? ಪಾದ್ರಿ ಎಲ್ವಿಯೊ. ಈಗ ಟೈ ಕಟ್ಟೋನು."

ಯಾವ ಎಲ್ವಿಯೊ ಎಂಬುದು ಅವಳಿಗೆ ಮೊದಲೇ ತಿಳಿದಿತ್ತು. ಕೇಳಿದ್ದು ಉಸಿರು ಸರಿಮಾಡಿಕೊಳ್ಳಲು ಮಾತ್ರ.

ಗುಡ್ಡದ ಮೇಲಿನ ಆ ಊರಿನ ಚರ್ಚಿನಲ್ಲಿ ಎಲ್ವಿಯೊ ಬಹುಕಾಲ ಪಾದ್ರಿಯಾಗಿದ್ದವನು. ಒಂದು ಈಸ್ಟರ್ ಕಳೆದ ಮೇಲೆ ನಿಲುವಂಗಿಯನ್ನು ಮಡಿಸಿಟ್ಟು ಅಂಕೋನಾ ಪಟ್ಟಣಕ್ಕೆ ಹೋದ. ಅಲ್ಲಿ ಪರೀಕ್ಷೆ ಕಟ್ಟಿ ಹಣಕಾಸು ಸಲಹೆಗಾರನಾದ. ಹಲ್ಲಿನ ವೈದ್ಯೆಯೊಬ್ಬಳನ್ನು ಮದುವೆಯಾದ. ಅಷ್ಟಕ್ಕೇ ನಿಂತಿದ್ದರೆ ಊರು ಒಂದು ಚಳಿಗಾಲ ಮಾತಾಡಿಕೊಂಡು ಮರೆತುಬಿಡುತ್ತಿತ್ತು. ಆದರೆ ಅವನು ತಿರುಗಿ ಬಂದು ಅದೇ ಚೌಕದಲ್ಲಿ, ಚರ್ಚಿಗೆ ಎದುರಾಗಿಯೇ ಕಚೇರಿ ತೆರೆದ. ಯಾರು ಎಷ್ಟು ಬಚ್ಚಿಟ್ಟಿದ್ದಾರೆ, ಯಾರಿಂದ ಬಚ್ಚಿಟ್ಟಿದ್ದಾರೆ ಎಂಬುದನ್ನೆಲ್ಲ ಪಾಪನಿವೇದನೆಯ ಜಾಲರಿಯ ಹಿಂದೆ ಕೂತು ಕೇಳಿದ್ದ ಮನುಷ್ಯ ಈಗ ಊರಿನ ಉಳಿತಾಯಕ್ಕೆ ಸಲಹೆ ಕೊಡಲು ಹೊರಟಿದ್ದ. ಹೆಂಗಸರು ಅವನ ಬಾಗಿಲು ಬಂದಾಗ ರಸ್ತೆಯ ಆಚೆ ಬದಿಗೆ ದಾಟಿಕೊಂಡರು. "ಕುರಿಗಳನ್ನ ಎಣಿಸಿದ್ದು ಮುಗೀತು, ಈಗ ಉಣ್ಣೆ ಕತ್ತರಿಸೋಕೆ ಬಂದಿದ್ದಾನೆ," ಎಂದು ಕಾಫಿಯಂಗಡಿಯಲ್ಲಿ ಗಂಡಸರು ನಕ್ಕರು.

ವಿಚಿತ್ರವೆಂದರೆ, ಹಾಗೆ ನಕ್ಕವರೇ ಅವನ ಗಿರಾಕಿಗಳಾದರು. ಪೂಜೆ ನಡೆಯುವಾಗ ಹೆಂಡತಿಯರನ್ನು ಒಳಗೆ ಕಳಿಸಿ, ತಾವು ಚೌಕದಲ್ಲಿ ಸಿಗರೇಟು ಸೇದುತ್ತ ನಿಲ್ಲುವ ಗಂಡಸರನ್ನು ಮಾತ್ರ ಎಲ್ವಿಯೊ ಹುಡುಕಿಕೊಂಡು ಹೋಗುತ್ತಿದ್ದ. ಅವರಾರೂ ಪಾಪ ಹೇಳಿಕೊಳ್ಳಲು ಅವನೆದುರು ಮಂಡಿಯೂರಿದವರಲ್ಲ. ಸೆತ್ತಿಮಿಯೊ ಅಂಥವರಲ್ಲಿ ಹಿರಿಯ. ಆಯುಷ್ಯವೆಲ್ಲ ಕಾರ್ಖಾನೆಯಲ್ಲಿ ಅಕಾರ್ಡಿಯನ್ನುಗಳಿಗೆ ಸ್ವರ ಕೂಡಿಸಿ ಈಗಷ್ಟೇ ನಿವೃತ್ತನಾಗಿದ್ದ. ಬಂದ ಗಂಟನ್ನು ಎಲ್ಲಿಡುವುದೆಂಬ ಚಿಂತೆ ಅವನಿಗೆ.

ನಝರೇನಾಳ ಚಿಂತೆ ಬೇರೆ. ಅವಳು ಮಂಡಿಯೂರಿದ್ದಳು.

ಸೆತ್ತಿಮಿಯೊ ಇಸ್ಪೀಟಿನ ಹುಚ್ಚಿನಲ್ಲಿ ಮನೆಯ ವ್ಯಾನನ್ನು ಸೋತು ನಡೆದುಕೊಂಡು ಬಂದ ವರ್ಷ, ಅವಳ ಚಿಕ್ಕಮ್ಮ ತೀರಿಕೊಂಡು ಸೆನಿಗಾಲಿಯಾದ ಕಡಲ ಬದಿಯಲ್ಲಿದ್ದ ಒಂದು ಕೋಣೆಯನ್ನು ಅವಳ ಹೆಸರಿಗೆ ಬಿಟ್ಟುಹೋಗಿದ್ದಳು. ನಝರೇನಾ ಅದನ್ನು ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಅದೂ ಎಲೆಗಳ ನಡುವೆ ಕರಗಿಹೋಗುತ್ತಿತ್ತು. ಆದರೆ ಅದಕ್ಕಷ್ಟೇ ಮುಚ್ಚಿಟ್ಟಿದ್ದಲ್ಲ. ಇನ್ನೊಂದು ಸಲ ಹಾಗಾದರೆ ಪೆಟ್ಟಿಗೆ ಎತ್ತಿಕೊಂಡು ಹೋಗಿ ಇರಲು ಅವಳಿಗೊಂದು ಬಾಗಿಲು ಬೇಕಿತ್ತು. ಇನ್ನೊಂದು ಸಲ ಹಾಗಾಗಲಿಲ್ಲ. ಸೆತ್ತಿಮಿಯೊ ಆಮೇಲೆ ಕಾಫಿಯನ್ನು ಪಣವಿಟ್ಟು ಮಾತ್ರ ಆಡಿದ. ಅವಳು ಹೋಗಲಿಲ್ಲ, ಕೀಲಿಕೈ ಮಾತ್ರ ಹೊಲಿಗೆಯ ಡಬ್ಬಿಯಲ್ಲಿ ಗುಂಡಿಗಳ ಕೆಳಗೆ ಉಳಿಯಿತು. ಬೇಸಿಗೆಯಲ್ಲಿ ಕಡಲಸ್ನಾನಕ್ಕೆ ಬರುವವರಿಗೆ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದಳು. ಅಲ್ಲಿ ಕೇಳಿದ್ದನ್ನು ಪಾದ್ರಿ ಯಾರಿಗೂ ಹೇಳುವಂತಿಲ್ಲವೆಂಬ ನಂಬಿಕೆಯಲ್ಲಿ ಇದೆಲ್ಲವನ್ನೂ ಜಾಲರಿಯಾಚೆಗಿನ ಎಲ್ವಿಯೊನಿಗೆ ಒಮ್ಮೆ ಹೇಳಿಕೊಂಡಿದ್ದಳು. ಅವನು ಅವಳಿಗಿಂತ ಚಿಕ್ಕವನಾದರೂ "ಮಗಳೇ" ಎಂದು ಕರೆದು, ಸಣ್ಣದೊಂದು ಪ್ರಾರ್ಥನೆ ವಿಧಿಸಿ ಕಳಿಸಿದ್ದ.

ಮರುದಿನ ಬೆಳಿಗ್ಗೆ ನೆರೆಮನೆಯ ಪಾಲ್ಮಿರಾ ಮೊಟ್ಟೆ ಕೇಳಲು ಬಂದಳು. ಅವಳು ತವರಿನ ಚರ್ಚಿಗೇ ನಡೆದುಕೊಳ್ಳುವವಳು. ಎಲ್ವಿಯೊನ ಜಾಲರಿಯನ್ನು ಕಂಡವಳಲ್ಲ.

"ನಮ್ಮನೆಗೂ ಬಂದಿದ್ದ ಕಣೇ. ನನ್ನ ಗಂಡನ್ನ ಬೇಗ ಬಿಟ್ಟ. ನನ್ನನ್ನ ಹಿಡಕೊಂಡ ನೋಡು. ಚಿನ್ನ ಇದೆಯಾ, ತವರಿನ ಜಮೀನು ಇದೆಯಾ, ಗಂಡನಿಗೆ ಗೊತ್ತಿಲ್ಲದ್ದು ಏನಾದ್ರೂ ಇದೆಯಾ. ಎಲ್ಲಾ ಹೆಂಗಸರಿಗೂ ಹಂಗೇ ಕೇಳ್ತಾನಂತೆ. ಪಾಪನಿವೇದನೆಯೇ ವಾಸಿ, ಅಲ್ಲಿ ಕೊನೇಪಕ್ಷ ಕತ್ತಲಾದ್ರೂ ಇರುತ್ತೆ."

"ನೀನೇನಂದೆ?"

"ಕೋಳಿಗಳಿವೆ ಅಂದೆ. ಅದನ್ನೂ ಬರಕೊಂಡ."

ಪಾಲ್ಮಿರಾ ಹೋದ ಮೇಲೆ ನಝರೇನಾ ಕನ್ನಡಿಯೆದುರು ನಿಂತು, "ನನ್ನ ಹೆಸರಲ್ಲಿ ಏನೂ ಇಲ್ಲ," ಎಂದು ಹೇಳಿ ನೋಡಿಕೊಂಡಳು. ಸುಳ್ಳು ಹೇಳುವುದು ಅವಳಿಗೆ ಕಷ್ಟವಾಗಿರಲಿಲ್ಲ. ಆದರೆ ಈಗ ಅದು ಸುಳ್ಳೆಂದು ಬಲ್ಲವನ ಎದುರೇ ಹೇಳಬೇಕಾಗಿತ್ತು. ಆ ಮನುಷ್ಯ ಬರುತ್ತಿರುವುದು ಗಂಡನ ಗಂಟಿಗಲ್ಲ, ಆ ಕೋಣೆಗೇ ಎಂಬ ಅನುಮಾನ ಮಧ್ಯಾಹ್ನದ ಹೊತ್ತಿಗೆ ಅವಳಲ್ಲಿ ಬೇರೂರಿತು. ಮಾರಿಸಿ ಹಣ ಹೂಡಿಸಿದರೆ ಅವನಿಗೊಂದು ಪಾಲು ಸಿಗುತ್ತದಲ್ಲವೆ? ಒಂದು ಹುಬ್ಬು ಎತ್ತಿದರೆ ಸಾಕು, ಅವಳ ಇಡೀ ಸಂಸಾರ ಅವನ ಮುಷ್ಟಿಯಲ್ಲಿ.

ಸಂಜೆ ಎಲ್ವಿಯೊ ಬಂದ. ಟೈ ಅವನಿಗಿನ್ನೂ ಒಗ್ಗಿರಲಿಲ್ಲ. ಆಗಾಗ ಬೆರಳು ಹಾಕಿ ಸಡಿಲಿಸಿಕೊಳ್ಳುತ್ತಿದ್ದ. ನಝರೇನಾ ಕಾಫಿ ತಂದಿಟ್ಟಳು. ಸೆತ್ತಿಮಿಯೊ ಅದಕ್ಕೆ ಸೋಂಪಿನ ಸಾರಾಯಿಯನ್ನು ಧಾರಾಳವಾಗಿಯೇ ಬೆರೆಸಿದ.

"ಪಾದ್ರಿಗಳೇ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಲ್ಲಿ ಸ್ವರ್ಗ ಮಾರ್ತಿದ್ರಿ. ಅದಕ್ಕಿಂತ ಒಳ್ಳೆ ವ್ಯಾಪಾರ ಯಾಕೆ ಬಿಟ್ಟು ಬಂದ್ರಿ?"

"ಅಲ್ಲಿ ನಷ್ಟದ ಸಾಧ್ಯತೆಯನ್ನ ಮೊದಲೇ ಹೇಳಬೇಕು ಅಂತ ಕಾನೂನು ಇರಲಿಲ್ಲ," ಎಂದ ಎಲ್ವಿಯೊ. ಸೆತ್ತಿಮಿಯೊ ಮೇಜು ಕುಟ್ಟಿ ನಕ್ಕ. ಎಲ್ವಿಯೊ ನಗಲಿಲ್ಲ. "ಜನ ಹೇಳಿಕೊಳ್ತಿದ್ದ ಪಾಪಗಳಲ್ಲಿ ಅರ್ಧ ಪಾಪಗಳಾಗಿರಲಿಲ್ಲ, ಸೆತ್ತಿಮಿಯೊ. ದುಡ್ಡಿನ ಭಯ. ಅದಕ್ಕೆ ನಾನು ಪ್ರಾರ್ಥನೆ ಹೇಳಿ ಕಳಿಸ್ತಿದ್ದೆ. ಒಂದಿನ ನನಗೇ ನಾಚಿಕೆಯಾಯ್ತು."

ಮಾತು ಚೆನ್ನಾಗಿದೆ ಎಂದುಕೊಂಡಳು ನಝರೇನಾ. ಮಾರುವವರ ಮಾತು ಯಾವಾಗಲೂ ಚೆನ್ನಾಗಿಯೇ ಇರುತ್ತದೆ.

ಅವನು ಕನ್ನಡಕ ಏರಿಸಿಕೊಂಡು ಕೇಳತೊಡಗಿದ. ಸೆತ್ತಿಮಿಯೊನ ಪಿಂಚಣಿ, ಆರೋಗ್ಯ, ಮನೆಯ ಚಾವಣಿ, ನಷ್ಟವಾದರೆ ನಿದ್ದೆ ಬರುತ್ತದೆಯೋ ಇಲ್ಲವೋ, ಎಲ್ಲವನ್ನೂ ಕೇಳಿದ. ಪ್ರತಿಯೊಂದು ಪ್ರಶ್ನೆಗೂ ನಝರೇನಾ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಮುಂದಿನದು ತನ್ನದು, ಇದರ ಮುಂದಿನದು ತನ್ನದು. ಕೊನೆಗೆ ಅವನು ಪೆನ್ನಿಗೆ ಮುಚ್ಚಳ ಹಾಕಿದ.

"ಇಷ್ಟು ಸಾಕು. ಮುಂದಿನ ವಾರ ಒಂದು ಯೋಜನೆ ತರ್ತೀನಿ."

ಅವಳನ್ನು ಕೇಳಲೇ ಇಲ್ಲ. ಅವನ ಕಣ್ಣು ಮೇಜುಬಟ್ಟೆಯ ಅಂಚಿನ ಮೇಲಿತ್ತು. ತನ್ನ ಕಣ್ಣೂ ಅದೇ ಅಂಚಿನ ಮೇಲಿದೆಯೆಂಬುದು ಅವಳಿಗೆ ತಡವಾಗಿ ಅರಿವಾಯಿತು.

ಸೆತ್ತಿಮಿಯೊ ಲೋಟ ಕೆಳಗಿಟ್ಟ. ಆ ಊರಿನ ಇಸ್ಪೀಟಿನಲ್ಲಿ ಜೊತೆಯಾಟಗಾರರು ಮುಖದಲ್ಲೇ ಸುದ್ದಿ ಮುಟ್ಟಿಸಬಹುದು. ಅದು ಮೋಸವಲ್ಲ, ಆಟದ ಭಾಗ. ಕೈಯಲ್ಲಿ ರಾಜನಿದ್ದರೆ ಕಣ್ಣು ಮೇಲೆ, ತುರುಫಿನ ಎಕ್ಕವಿದ್ದರೆ ತುಟಿ ಮುಂದೆ. ಎದುರಾಳಿಗಳ ಆ ಸನ್ನೆಗಳನ್ನು ಕದ್ದು ಓದುವುದರಲ್ಲಿ ಸೆತ್ತಿಮಿಯೊನಿಗೆ ಊರಲ್ಲಿ ಸಾಟಿಯಿರಲಿಲ್ಲ.

"ನನ್ನ ಹೆಂಡತೀನ ಯಾಕೆ ಕೇಳಲಿಲ್ಲ?"

"ಮರೆತೆ," ಎಂದ ಎಲ್ವಿಯೊ.

"ಪಾಲ್ಮಿರಾಳ ಕೋಳೀನೂ ಬರಕೊಂಡೋರು ನೀವು." ಅವನ ದನಿ ಏರಲಿಲ್ಲ. "ಇಬ್ಬರು ಆಟಗಾರರು ಒಬ್ಬರ ಮುಖ ಒಬ್ಬರು ನೋಡದೆ ಕೂತರೆ, ಏನೂ ಇಲ್ಲ ಅಂತಲ್ಲ ಪಾದ್ರಿಗಳೇ. ದೊಡ್ಡ ಎಲೆ ಇದೆ ಅಂತ."

ಎಲ್ವಿಯೊ ಎದ್ದ. ಕಾಗದಗಳನ್ನು ಚೀಲಕ್ಕೆ ತುರುಕತೊಡಗಿದ. "ಈ ಕೆಲಸ ನನ್ನಿಂದಾಗಲ್ಲ. ಅಂಕೋನಾದಲ್ಲಿ ಬೇರೆಯವರಿದ್ದಾರೆ, ವಿಳಾಸ ಕೊಡ್ತೀನಿ."

"ಕೊಡಿ, ಕೊಡಿ. ನಾಳೆ ಕಾಫಿಯಂಗಡೀಲಿ ನಾನೂ ಹೇಳ್ತೀನಿ. ಎಲ್ವಿಯೊ ಯಾರ ಹೆಂಡತೀನ ಏನೂ ಕೇಳಲ್ವೋ, ಆ ಗಂಡ ಮನೆಗೆ ಹೋಗಿ ಕಪಾಟು ಜಾಲಾಡಲಿ ಅಂತ."

ನಝರೇನಾ ಎಲ್ವಿಯೊನನ್ನು ಆಗ ಮೊದಲ ಸಲ ನೆಟ್ಟಗೆ ನೋಡಿದಳು. ಬೆಳಗಿನಿಂದ ಹೆದರಿದ್ದ ಆ ಹುಬ್ಬು ಎಲ್ಲೂ ಎದ್ದಿರಲಿಲ್ಲ. ಅವಳು ತನ್ನೆದುರು ಸುಳ್ಳು ಹೇಳುವಂತೆ ಮಾಡಬಾರದೆಂದು ಒಂದು ಪ್ರಶ್ನೆ ನುಂಗಿದ್ದ. ಆ ಪ್ರಶ್ನೆಯೇ ಈಗ ಅವನ ಗಂಟಲಿಗೆ ಸಿಕ್ಕಿಕೊಂಡಿತ್ತು. ಈ ಮಾತು ಅಂಗಡಿಗೆ ಹೋದರೆ ನಾಳೆಯಿಂದ ಅವನಿಗೆ ಬಾಗಿಲು ತೆರೆಯುವವರಿಲ್ಲ. ಅವಳ ಗುಟ್ಟಂತೂ ಉಳಿಯುವುದಿಲ್ಲ. ಸೆತ್ತಿಮಿಯೊ ಈ ರಾತ್ರಿಯೇ ಗುಂಡಿಗಳ ಡಬ್ಬಿಯವರೆಗೂ ಬಂದೇ ಬರುತ್ತಾನೆ.

"ಪೆನ್ನು ತೆಗೀರಿ," ಎಂದಳು. "ನನ್ನನ್ನೂ ಕೇಳಿ. ಪಾಲ್ಮಿರಾನ ಕೇಳಿದ ಹಾಗೇ."

ಎಲ್ವಿಯೊ ಚೀಲದಿಂದ ಕಾಗದಗಳನ್ನು ಮತ್ತೆ ಹೊರತೆಗೆದ. ಆಮೇಲೆ ಕೂತು, ಕಚೇರಿಯ ಒಣದನಿಯಲ್ಲಿ ಕೇಳಿದ: "ನಿಮ್ಮ ಹೆಸರಲ್ಲಿ ಏನಾದ್ರೂ ಆಸ್ತಿ ಇದೆಯಾ, ಅಮ್ಮಾ?"

"ಸೆನಿಗಾಲಿಯಾದಲ್ಲಿ ಒಂದು ಕೋಣೆ. ಸ್ಟೂಲು ಹತ್ತಿದರೆ ಕಡಲು ಕಾಣುತ್ತೆ."

ಎಲ್ವಿಯೊನ ಪೆನ್ನು ಕಾಗದದ ಮೇಲೆ ಸರಿದಾಡಿತು. ಸೆತ್ತಿಮಿಯೊ ಖಾಲಿ ಲೋಟವನ್ನು ಮೇಜಿನ ಮೇಲೆ ನಿಧಾನವಾಗಿ ತಿರುಗಿಸುತ್ತಿದ್ದ.

"ಯಾವಾಗಿಂದ?" ಎಂದು ಕೇಳಿದ. ಕೇಳಿದ್ದು ಅವಳನ್ನು.

"ವ್ಯಾನು ಹೋದ ವರ್ಷದಿಂದ."

ಅವನು ತಲೆಯಾಡಿಸಿದ. ಯಾಕೆ ಎಂದು ಕೇಳಲಿಲ್ಲ. ಕೇಳಬೇಕಾದಷ್ಟು ದಡ್ಡನೂ ಅಲ್ಲ. ಎಲ್ವಿಯೊನ ಕಡೆ ತಿರುಗಿ, "ನಿಮಗೆ ಮೊದಲೇ ಗೊತ್ತಿತ್ತು," ಎಂದ.

"ಈ ಮೇಜಿನ ಮೇಲೆ ಹೇಳಿದ್ದನ್ನ ಮಾತ್ರ ನಾನು ಬರ್ಕೊಳ್ಳೋದು," ಎಂದ ಎಲ್ವಿಯೊ. "ಬೇಸಿಗೆ ಬಾಡಿಗೆ ಎಷ್ಟು ಬರುತ್ತೆ, ಅಮ್ಮಾ?"

ಅವಳು ಹೇಳಿದಳು. ಅವನು ಬರೆದುಕೊಂಡ. ಬಾಗಿಲವರೆಗೆ ಅವನನ್ನು ಬಿಡಲು ಇಬ್ಬರೂ ಏಳಲಿಲ್ಲ.

ಅವನ ಹೆಜ್ಜೆಗಳು ಮೆಟ್ಟಿಲಿಳಿದ ಮೇಲೆ ಸೆತ್ತಿಮಿಯೊ ಸಾರಾಯಿಯ ಸೀಸೆ ಎತ್ತಿ, ಈ ಸಲ ಅವಳ ಲೋಟಕ್ಕೆ ಸುರಿದ.

"ಕೀಲಿಕೈ ಎಷ್ಟಿವೆ?"

"ಒಂದೇ."

"ಹಂಗೇ ಇರ್ಲಿ. ನನಗೊಂದು ಮಾಡಿಸ್ಬೇಡ," ಎಂದ. "ನೀನೇ ಇಟ್ಕೋ."

ನಝರೇನಾ ಅವನ ಮುಖವನ್ನು ನೋಡಿದಳು. ಕಣ್ಣು ಮೇಲೆ ಹೋಗಿರಲಿಲ್ಲ, ತುಟಿ ಮುಂದೆ ಬಂದಿರಲಿಲ್ಲ. ಒಳ್ಳೆಯ ಆಟಗಾರನ ಮುಖದಲ್ಲಿ ತಾನಾಗಿ ತೋರಿಸುವವರೆಗೆ ಏನೂ ಕಾಣುವುದಿಲ್ಲ. ಅವಳು ಸಾರಾಯಿ ಕುಡಿದು, ಲೋಟಗಳನ್ನು ತೊಳೆದಿಟ್ಟು, ಹೊಲಿಗೆಯ ಡಬ್ಬಿ ತೆರೆದಳು. ಗುಂಡಿಗಳ ಕೆಳಗಿದ್ದ ಕೀಲಿಕೈಯನ್ನು ಅವನ ಕಣ್ಣೆದುರೇ ತೆಗೆದು, ತನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.